ನಾಲ್ಕನೆಯ ನದಿ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ನನ್ನ ಊರು. ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಜಾತಿಮತಗಳ ಭೇದವಿಲ್ಲದೆ ಜನರು ಬಂದು ಸೇರುವ ಊರು ಅದು. ಅಲ್ಲಿಂದ ನಾನು ಬೇರೊಂದು ಊರಿನ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಆ ಶಾಲೆಯ ಮಾಡು ಮಳೆಗಾಲದಲ್ಲಿ ಸೋರುತ್ತಿತ್ತು. ಎಷ್ಟು ಬಾರಿ ಅರ್ಜಿ ಬರೆದರೂ ಫಲ ದೊರೆತಿರಲಿಲ್ಲ. ಒಂದು ದಿನ ತರಗತಿಯನ್ನು ಪ್ರವೇಶಿಸಿದಾಗ ಕಪ್ಪುಹಲಗೆಯ ಮೇಲೆ ನಂದಿಬೆಟ್ಟದ ಸಾಲಿನ ಭೂಪಟವೊಂದು ಕಾಣಿಸಿತು. ಅಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ನದಿಗಳು ತಮ್ಮ ತಮ್ಮ ಸ್ಥಾನದಲ್ಲಿದ್ದವು. ಅವುಗಳ ಜೊತೆಗೆ ನಾಲ್ಕನೆಯ ನದಿಯೊಂದು ನಮ್ಮ ಶಾಲೆಯ ಮಾಡಿನಲ್ಲಿ ಹುಟ್ಟಿ, ಮೇಷ್ಟರ ಮೇಜನ್ನು ಬಳಸಿ, ಕೊನೆಯ ಬೆಂಚಿನ ಕೆಳಗೆ ಸಮುದ್ರವನ್ನು ಸೇರುತ್ತಿತ್ತು. ಮೇಜಿನ ಮೇಲೆ ಕೊಡೆ ಹಿಡಿದು ಕುಳಿತಿದ್ದವನು ನಾನೇ! ತರಗತಿ ಗೊಳ್ಳೆಂದು ನಕ್ಕಿತು. ನನಗೆ ಕೋಪ ಬಂದಿತು. ಚಿತ್ರವನ್ನು ಒರೆಸಿ, ಬರೆದ ಹುಡುಗನನ್ನು ಇಡೀ ದಿನ ಹೊರಗೆ ನಿಲ್ಲಿಸಿದೆ. ಆಮೇಲೆ ಅವನು ಹಲಗೆಯ ಮೇಲೆ ಏನನ್ನೂ ಬರೆಯಲಿಲ್ಲ.

ಚಿತ್ರದ ಮೂಲಕ ನಗಿಸುವುದು ನಮ್ಮ ನಾಡಿಗೆ ಹೊಸದಲ್ಲ. ತೊಗಲುಗೊಂಬೆಯಾಟದಲ್ಲಿ ರಾಮ ರಾವಣರ ನಡುವೆ ವಿಕಾರರೂಪದ ಕಿಳ್ಳೇಕ್ಯಾತ ನುಗ್ಗಿ ಬಂದು, ದೊಡ್ಡವರ ಸಣ್ಣತನವನ್ನು ಆಡಿ ತೋರಿಸುತ್ತಾನೆ. ಮೈಸೂರಿನಲ್ಲಿ 1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣ್ ಅವರು ಈ ಕೆಲಸವನ್ನು ವೃತ್ತಪತ್ರಿಕೆಗೆ ತಂದರು. ಅವರ ಶ್ರೀಸಾಮಾನ್ಯನು ಚೌಕಳಿ ಕೋಟು, ಪಂಚೆಗಳನ್ನು ತೊಟ್ಟು ದಶಕಗಳ ಕಾಲ ಓದುಗರ ಮುಂದೆ ನಿಂತನು. ಅವನು ಮಾತನಾಡುವುದಿಲ್ಲ, ಸುತ್ತಲಿನ ದೊಡ್ಡ ಮನುಷ್ಯರ ಮಾತುಗಳನ್ನು ಬೆರಗಿನಿಂದ ಕೇಳುತ್ತಾನೆ. ಅವನ ಮೌನವೇ ನಮ್ಮನ್ನು ನಗಿಸುತ್ತದೆ.

ನಮ್ಮ ಕಾಲದಲ್ಲಿ ಈ ಹಾಸ್ಯವು ಕಾಗದವನ್ನು ಬಿಟ್ಟು ಬೀದಿಗೆ ಇಳಿದಿದೆ. ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ 2015ರಲ್ಲಿ ದೊಡ್ಡ ಗುಂಡಿಯೊಂದು ಬಿದ್ದು, ನೀರು ನಿಂತಿತ್ತು. ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಅದರಲ್ಲಿ ಮೊಸಳೆಯ ಪ್ರತಿಮೆಯೊಂದನ್ನು ಇಟ್ಟರು. ದಿನವೂ ಗುಂಡಿಯನ್ನು ಬಳಸಿಕೊಂಡು ಹೋಗುತ್ತಿದ್ದ ಜನರು ಅಂದು ನಿಂತು ನೋಡಿದರು, ನಕ್ಕರು. ಪತ್ರಿಕೆಗಳಲ್ಲಿ ಚಿತ್ರ ಪ್ರಕಟವಾಯಿತು. ಕೆಲವೇ ದಿನಗಳಲ್ಲಿ ಗುಂಡಿ ಮುಚ್ಚಿತು. 2019ರ ಸೆಪ್ಟೆಂಬರ್‌ನಲ್ಲಿ, ಚಂದ್ರಯಾನ-2ರ ನೌಕೆ ಚಂದ್ರನ ಮೇಲೆ ಇಳಿಯುವುದನ್ನು ದೇಶವೆಲ್ಲ ಕಾತರದಿಂದ ಎದುರುನೋಡುತ್ತಿದ್ದಾಗ, ಅವರು ಇನ್ನೊಂದು ಚಮತ್ಕಾರ ಮಾಡಿದರು. ಗಗನಯಾತ್ರಿಯ ಉಡುಪನ್ನು ತೊಟ್ಟ ನಟನೊಬ್ಬನು ಕುಳಿಗಳ ನಡುವೆ ಮೆಲ್ಲಮೆಲ್ಲನೆ ಹೆಜ್ಜೆಯಿಡುವ ಚಲನಚಿತ್ರ ಅದು. ನೋಡುವವರು ಚಂದ್ರಲೋಕವೆಂದೇ ಭ್ರಮಿಸುತ್ತಾರೆ. ಅಷ್ಟರಲ್ಲಿ ಆಟೋರಿಕ್ಷಾವೊಂದು ಪಕ್ಕದಲ್ಲಿ ಹಾದುಹೋಗುತ್ತದೆ! ಅದು ಬೆಂಗಳೂರಿನದೇ ಒಂದು ರಸ್ತೆ.

ಇಲ್ಲಿ ನಗು ಹುಟ್ಟುವುದು ಹೇಗೆ? ಒಂದೆಡೆ ಇರಬಾರದ ವಸ್ತುಗಳೆರಡನ್ನು ಕಲಾವಿದನು ಜೊತೆಗೆ ಇಡುತ್ತಾನೆ. ಮೊಸಳೆ ರಸ್ತೆಯಲ್ಲಿ ಇರಬಾರದು ಎಂದು ನಾವು ನಗುತ್ತೇವೆ. ಮರುಕ್ಷಣವೇ, ಆ ಗುಂಡಿಯೂ ಅಲ್ಲಿ ಇರಬಾರದಿತ್ತಲ್ಲವೇ ಎಂದು ಹೊಳೆಯುತ್ತದೆ. ರೂಢಿಯಿಂದ ಮಂಜಾದ ನಮ್ಮ ಕಣ್ಣು ಹೀಗೆ ತಿಳಿಯಾಗುತ್ತದೆ. ಗುಂಡಿಯಲ್ಲಿ ಬಿದ್ದವನನ್ನು ಕಂಡು ನಗುವುದು ಕ್ರೌರ್ಯ. ಗುಂಡಿಯನ್ನು ಹಾಗೆಯೇ ಬಿಟ್ಟ ಔದಾಸೀನ್ಯವನ್ನು ಕಂಡು ನಗುವುದು ವಿವೇಕ. ಉತ್ತಮ ಹಾಸ್ಯಚಿತ್ರಕಾರನು ಈ ಅಂತರವನ್ನು ಮರೆಯುವುದಿಲ್ಲ.

ಆ ಮೊಸಳೆಯ ಚಿತ್ರವನ್ನು ಪತ್ರಿಕೆಯಲ್ಲಿ ಕಂಡ ದಿನ ನನಗೆ ನಾಲ್ಕನೆಯ ನದಿ ನೆನಪಾಯಿತು. ಆ ಹುಡುಗ ನನ್ನನ್ನು ಗೇಲಿ ಮಾಡಿರಲಿಲ್ಲ. ಅವನೊಡನೆ ನೆನೆಯುತ್ತಿದ್ದವರಲ್ಲಿ ನಾನೂ ಒಬ್ಬನೆಂದು ಚಿತ್ರ ಹೇಳುತ್ತಿತ್ತು. ನಮ್ಮ ಅರ್ಜಿಗಳೆಲ್ಲಕ್ಕಿಂತ ಅದು ಸ್ಪಷ್ಟವಾಗಿತ್ತು. ಅರ್ಜಿಯ ಜೊತೆಗೆ ಅದನ್ನೂ ಕಳುಹಿಸಬೇಕಾಗಿದ್ದ ನಾನು, ನನ್ನ ಕೈಯಿಂದಲೇ ಒರೆಸಿಹಾಕಿದ್ದೆ. ಮಾಡು ಸೋರುತ್ತಲೇ ಇತ್ತು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಚಿತ್ರ ಬರೆಯಬಲ್ಲವರು ಇರಬಹುದು. ನೊಂದವರನ್ನು ಇನ್ನಷ್ಟು ನೋಯಿಸದ, ತಪ್ಪನ್ನು ಮಾತ್ರ ಎತ್ತಿ ತೋರಿಸುವ ಚಿತ್ರವನ್ನು ಬರೆಯಿರಿ. ಅದರಲ್ಲಿ ನಿಮ್ಮ ಮುಖವೇ ಕಂಡರೆ, ಒರೆಸುವ ಮುನ್ನ ಒಮ್ಮೆ ತಲೆಯೆತ್ತಿ ಮಾಡನ್ನು ನೋಡಿರಿ.