ತಲೆಗೆ ಪೆಟ್ಟಾದ ಮಗು ಮನೆಗೆ ಬಂದ ಮೇಲೂ ಎಚ್ಚರವಿರಲಿ



ಮಾಳಿಗೆಯಿಂದ ಬಿದ್ದೋ, ಬೈಕ್ ಅಪಘಾತದಲ್ಲೋ ತಲೆಗೆ ಜೋರು ಪೆಟ್ಟಾದ ಮಗು ಮತ್ತೆ ಆಟವಾಡತೊಡಗಿದರೆ, ಗಂಡಾಂತರ ಕಳೆಯಿತೆಂದು ನೀವು ಸಮಾಧಾನಪಡುತ್ತೀರಿ. ಬಹುಪಾಲು ಮಕ್ಕಳಲ್ಲಿ ಅದು ನಿಜವೇ. ಆದರೆ ಕೆಲವೇ ಮಕ್ಕಳಲ್ಲಿ ಮೆದುಳಿನ ರಕ್ತನಾಳಕ್ಕಾದ ಗಾಯ ಕೆಲವು ದಿನಗಳ ನಂತರ ಅಪಾಯ ತರಬಹುದು.

ಏನಿದು?
ಪೆಟ್ಟಿನ ರಭಸಕ್ಕೆ ಅಥವಾ ಮುರಿದ ತಲೆಬುರುಡೆಯ ಚೂರು ತಾಗಿ ರಕ್ತನಾಳದ ಗೋಡೆ ಹರಿಯುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಚಿಕ್ಕ ಚೀಲದಂತೆ ಉಬ್ಬುತ್ತದೆ. ಇದಕ್ಕೆ ವೈದ್ಯರು ಅನ್ಯೂರಿಸಂ ಎನ್ನುತ್ತಾರೆ. ಈ ಚೀಲಕ್ಕೆ ಗಟ್ಟಿ ಗೋಡೆ ಇರುವುದಿಲ್ಲವಾದ್ದರಿಂದ ಅದು ಒಡೆದು ಮೆದುಳಿನಲ್ಲಿ ರಕ್ತಸ್ರಾವವಾಗಬಹುದು. ಹೆಚ್ಚಾಗಿ ಪೆಟ್ಟಾದ 2-3 ವಾರಗಳಲ್ಲಿ ಹೀಗಾಗುತ್ತದೆ. ಕೆಲವೊಮ್ಮೆ ಇನ್ನೂ ತಡವಾಗಿಯೂ ಆಗಬಹುದು.

ಈ ಲಕ್ಷಣಗಳು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ:
* ಇದ್ದಕ್ಕಿದ್ದಂತೆ ವಿಪರೀತ ತಲೆನೋವು, ಮೇಲಿಂದ ಮೇಲೆ ವಾಂತಿ
* ಫಿಟ್ಸ್, ಮಂಪರು, ಎಬ್ಬಿಸಿದರೂ ಏಳದಿರುವುದು
* ಒಂದು ಕಣ್ಣಿನ ರೆಪ್ಪೆ ಜೋಲುವುದು, ಕೈಕಾಲು ಸೋಲುವುದು
* ಮೂಗಿನಿಂದ ಪದೇ ಪದೇ ರಕ್ತ ಬರುವುದು
* ಕೂಸಾದರೆ ನಿಲ್ಲದ ಅಳು, ಹಾಲು ಕುಡಿಯದಿರುವುದು, ನೆತ್ತಿ ಉಬ್ಬುವುದು

ಪರೀಕ್ಷೆ ಮತ್ತು ಚಿಕಿತ್ಸೆ
ಮೊದಲ ದಿನದ ಸಿ.ಟಿ. ಸ್ಕ್ಯಾನ್‌ನಲ್ಲಿ ಇದು ಕಾಣದೇ ಇರಬಹುದು. ರಕ್ತನಾಳಗಳನ್ನು ತೋರಿಸುವ ಆಂಜಿಯೋಗ್ರಾಂ ಬೇಕಾಗುತ್ತದೆ. ಅದರಲ್ಲಿ ಕಾಣದಿದ್ದರೂ ಸಂಶಯವಿದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ಮಾಡಿಸಲು ವೈದ್ಯರು ಹೇಳಬಹುದು. ‘ಮಾಡಿಸಿದ್ದನ್ನೇ ಮತ್ತೆ ಯಾಕೆ ಮಾಡಿಸಬೇಕು?’ ಎಂದು ಬಿಟ್ಟುಬಿಡಬೇಡಿ. ಉಬ್ಬು ಕಂಡರೆ ಶಸ್ತ್ರಚಿಕಿತ್ಸೆ ಮಾಡಿ ಕ್ಲಿಪ್ ಹಾಕುತ್ತಾರೆ, ಇಲ್ಲವೇ ತೊಡೆಸಂದಿಯ ರಕ್ತನಾಳದಿಂದ ತೆಳು ನಳಿಕೆ ಹಾಯಿಸಿ ಅದನ್ನು ಮುಚ್ಚುತ್ತಾರೆ. ಒಡೆಯುವ ಮೊದಲೇ ಗೊತ್ತಾದರೆ ಮಗುವನ್ನು ಉಳಿಸಿಕೊಳ್ಳುವುದು ಹೆಚ್ಚು ಸುಲಭ.

ನೆನಪಿಡಿ
* ದೃಷ್ಟಿ ತಾಗಿದೆ, ಪಿತ್ತವಾಗಿದೆ ಎಂದು ಬೆಳಗಾಗುವ ತನಕ ಕಾಯಬೇಡಿ.
* ತಲೆನೋವಿಗೆ ಆಸ್ಪಿರಿನ್ ಕೊಡಬೇಡಿ. ಅದು ರಕ್ತಸ್ರಾವ ಹೆಚ್ಚಿಸಬಹುದು.
* ಫಿಟ್ಸ್ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ನೀರು, ಚಮಚ ಏನನ್ನೂ ಹಾಕಬೇಡಿ.
* ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.
* ಬರುವಾಗ ಡಿಸ್ಚಾರ್ಜ್ ಚೀಟಿ, ಹಳೆಯ ಸ್ಕ್ಯಾನ್ ಫಿಲ್ಮು ತನ್ನಿ. ಯಾವ ದಿನ ಪೆಟ್ಟಾಯಿತೆಂಬುದನ್ನು ಮೊದಲೇ ಹೇಳಿ.

ಇದು ಅಪರೂಪದ ತೊಂದರೆ, ಗಾಬರಿ ಬೇಡ. ಆದರೆ ಮಗುವಿನ ಬದಲಾವಣೆ ಮೊದಲು ಕಾಣುವುದು ಮನೆಯವರಾದ ನಿಮಗೇ. ಸಂಶಯ ಬಂದರೆ ಸಂಕೋಚಪಡದೆ ಬಂದು ತೋರಿಸಿ.