ಹಾಯಿಗೊಂದು ಹಳಿ: ಹಳೆಯ ಕ್ಯಾಟಮರಾನ್‌ನ ಟ್ರಾವೆಲರ್ ನೋಡಿಕೊಳ್ಳುವ ಬಗೆ

ಆನವಟ್ಟಿಯ ಸುತ್ತ ಕೆರೆಗಳಿವೆ, ಅತ್ತ ವರದಾ ಹೊಳೆಯೂ ಇದೆ. ಹಾಯಿದೋಣಿ ಮಾತ್ರ ಕಾಣಸಿಗದು. ನಮ್ಮ ರಾಜ್ಯದಲ್ಲಿ ಹಾಯಿ ಬಿಚ್ಚುವ ಜಾಗಗಳೇ ಕೆಲವು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿನವರ ತೃಷ್ಣಾ ಕ್ಲಬ್ ಇದೆ, ಇತ್ತ ಕರಾವಳಿ ಇದೆ. ಸೊರಬ, ಶಿಕಾರಿಪುರ ಕಡೆಯಿಂದ ಹೋಗಿ ಈ ವಿದ್ಯೆ ಕಲಿಯುವವರಿಗೆ ಮೊದಲು ಸಿಗುವುದು ಬಹುಮಟ್ಟಿಗೆ ಯಾರೋ ಓಡಿಸಿ ಬಿಟ್ಟ ಹಳೆಯ ದೋಣಿ. ಅಂಥ ದೋಣಿಯಲ್ಲಿ ಎಲ್ಲರೂ ಕಡೆಗಣಿಸುವ ಒಂದು ಭಾಗವನ್ನು ಇಲ್ಲಿ ನಿಧಾನವಾಗಿ ನೋಡೋಣ.

ಕ್ಯಾಟಮರಾನ್ ಎಂದರೆ ಎರಡು ಒಡಲಿನ ದೋಣಿ. ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ, ಜನರನ್ನೂ ವಾಹನಗಳನ್ನೂ ಹೊಳೆ ದಾಟಿಸುತ್ತಿದ್ದ ಕರಾವಳಿಯ ಜಂಗಲ್ ನೋಡಿದವರಿಗೆ ಇದರ ರಚನೆ ಹೊಸದಲ್ಲ. ಒಡಲುಗಳನ್ನು ಅಡ್ಡತೊಲೆಗಳು ಹಿಡಿದಿರುತ್ತವೆ. ನಡುವೆ ಹಾಯಿ ಕಟ್ಟುವ ಕಂಬ, ಅಂದರೆ ಕೂವೆಮರ. ಅದರಿಂದ ಹಿಂದಕ್ಕೆ ಚಾಚಿಕೊಂಡ ಮರವೇ ಬೂಮ್. ಮುಖ್ಯ ಹಾಯಿಯ ಕೆಳ ಅಂಚು ಇರುವುದು ಅದರ ಉದ್ದಕ್ಕೆ. ಬೂಮನ್ನು ಹತೋಟಿಯಲ್ಲಿಡುವ ಹಗ್ಗ ಮೇನ್‌ಶೀಟ್. ರಾಟೆಗಳಲ್ಲಿ ಹಾದು ಬರುವ ಈ ಹಗ್ಗದ ಕೆಳಗಿನ ರಾಟೆ ಒಂದು ಪುಟ್ಟ ಗಾಡಿಗೆ ಸಿಕ್ಕಿಸಿರುತ್ತದೆ. ಗಾಡಿ ದೋಣಿಗೆ ಅಡ್ಡಲಾಗಿ ಹಾಸಿದ ಹಳಿಯ ಮೇಲೆ ಎಡಕ್ಕೂ ಬಲಕ್ಕೂ ಸರಿಯುತ್ತದೆ. ಹಳಿ, ಗಾಡಿ, ಅದನ್ನು ಎಳೆಯುವ ಹಗ್ಗ, ಹಗ್ಗವನ್ನು ಕಚ್ಚಿ ಹಿಡಿಯುವ ಕ್ಲೀಟ್: ಇಷ್ಟೂ ಸೇರಿದರೆ ಟ್ರಾವೆಲರ್.

ಎಪ್ಪತ್ತರ ದಶಕದ ಆರಂಭದಿಂದ ಲಕ್ಷದಷ್ಟು ತಯಾರಾದ ಹೋಬಿ 16 ದೋಣಿಯನ್ನೇ ತೆಗೆದುಕೊಳ್ಳಿ. ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್ ರೂಪಿಸಿದ ಇದರ ಉದ್ದ ಸುಮಾರು 5 ಮೀಟರ್, ಅಗಲ 2.4 ಮೀಟರ್. ಇದರಲ್ಲಿ ಪ್ರತ್ಯೇಕ ಹಳಿ ಇಲ್ಲ. ಹಿಂದಿನ ಅಲ್ಯೂಮಿನಿಯಂ ತೊಲೆಯೇ ಗಾಡಿಗೆ ಹಳಿ.

ಗಾಡಿ ಏಕೆ ಸರಿಯಬೇಕು?

ಹಾಯಿಯಿಂದ ನಾವು ಎರಡು ಕೆಲಸ ಬಯಸುತ್ತೇವೆ. ಅದು ಗಾಳಿಗೆ ಸರಿಯಾದ ಕೋನದಲ್ಲಿ ನಿಲ್ಲಬೇಕು. ಅದರ ಮೈ ಬಿಗಿಯಾಗಿರಬೇಕು. ಬಿಗಿತ ಕೊಡುವುದು ಮೇನ್‌ಶೀಟ್, ಕೋನ ಬದಲಿಸುವುದು ಟ್ರಾವೆಲರ್. ಗಾಡಿ ಕಚ್ಚಿಕೊಂಡರೆ ಎರಡೂ ಕೆಲಸ ಒಂದೇ ಹಗ್ಗದ ಮೇಲೆ ಬೀಳುತ್ತವೆ. ಕೋನ ಬದಲಿಸಲು ಮೇನ್‌ಶೀಟ್ ಸಡಿಲಿಸಿದಿರೋ, ಬೂಮ್ ಮೇಲೆದ್ದು ಹಾಯಿಯ ಮೇಲ್ಭಾಗ ತಿರುಚಿಕೊಳ್ಳುತ್ತದೆ.

ಕ್ಯಾಟಮರಾನ್‌ಗೆ ಇದು ಇನ್ನೂ ಮುಖ್ಯ. ಒಂದೇ ಒಡಲಿನ ದೋಣಿ ಗಾಳಿ ಜೋರಾದಾಗ ವಾಲುತ್ತದೆ. ವಾಲಿದ ಹಾಯಿಯ ಮೇಲಿಂದ ಸ್ವಲ್ಪ ಗಾಳಿ ಜಾರಿಹೋಗುತ್ತದೆ. ಅಗಲವಾದ ಕ್ಯಾಟಮರಾನ್ ಸುಲಭಕ್ಕೆ ವಾಲುವುದಿಲ್ಲ, ಹಾಗಾಗಿ ಆ ಒತ್ತಡವೆಲ್ಲ ಕೂವೆಮರಕ್ಕೂ ಹಗ್ಗಗಳಿಗೂ ಬರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಜೊತೆಗೆ ಹಲವು ಕ್ಯಾಟಮರಾನ್‌ಗಳಲ್ಲಿ ಕೂವೆಮರವನ್ನು ಹಿಂದಿನಿಂದ ಹಿಡಿಯುವ ತಂತಿಯೇ ಇರುವುದಿಲ್ಲ. ಬಿಗಿಯಾದ ಮೇನ್‌ಶೀಟ್ ಆ ಆಸರೆಯಲ್ಲಿ ಒಂದಷ್ಟನ್ನು ಕೊಡುತ್ತಿರುತ್ತದೆ. ಹಾಗಾಗಿ ಬೀಸುಗಾಳಿ ಬಂದಾಗ ಮೊದಲು ಟ್ರಾವೆಲರ್ ಬಿಡುವುದು ವಾಡಿಕೆ. ಬಿಟ್ಟ ಕ್ಷಣವೇ ಗಾಡಿ ಸರಿಯಬೇಕು.

ದಿನದ ಆರೈಕೆ

ಶಾಲೆಯ ಸರಿಯುವ ಗೇಟಿನ ಹಳಿಯಲ್ಲಿ ಮಣ್ಣು ತುಂಬಿದರೆ ಏನಾಗುತ್ತದೋ ಇಲ್ಲೂ ಅದೇ. ಮಣ್ಣಿನ ಬದಲು ಮರಳು ಮತ್ತು ಉಪ್ಪು. ಸಮುದ್ರದಿಂದ ಬಂದ ಕೂಡಲೇ ಸಿಹಿನೀರು ಬಿಡಿ. ನೀರು ಬೀಳುತ್ತಿರುವಾಗಲೇ ಗಾಡಿಯನ್ನು ಈ ತುದಿಯಿಂದ ಆ ತುದಿಗೆ ಹಲವು ಸಲ ಓಡಿಸಿ. ಬಿಗಿಯಾಗಿದ್ದರೆ ಪಾತ್ರೆ ತೊಳೆಯುವ ಸೋಪಿನ ಬೆಚ್ಚನೆ ನೀರು ಸಾಕು. ಗ್ರೀಸ್ ಹಚ್ಚಬೇಡಿ, ಅದು ಮರಳನ್ನು ಹಿಡಿದುಕೊಂಡು ಉಜ್ಜುಕಾಗದದಂತಾಗುತ್ತದೆ. ಒಣಗಿದ ಮೇಲೆ ಜಿಡ್ಡಿಲ್ಲದ ಟೆಫ್ಲಾನ್ ಸ್ಪ್ರೇ ಸ್ವಲ್ಪ ಹಾಕಿದರಾಯಿತು.

ಗಾಡಿಯೊಳಗೆ ಪ್ಲಾಸ್ಟಿಕ್ ಗುಂಡುಗಳ ಬೇರಿಂಗ್ ಇದ್ದರೆ ಎಚ್ಚರ. ಹಳಿಯಿಂದ ಜಾರಿಸಿದೊಡನೆ ಹಳೆಯ ಗಾಡಿಗಳಲ್ಲಿ ಗುಂಡುಗಳು ಚದುರಿಹೋಗಬಹುದು. ಕೆಳಗೆ ಬಟ್ಟೆ ಹಾಸಿ, ಹಳಿಯ ತುದಿಗೆ ಅದೇ ಅಳತೆಯ ಚಿಕ್ಕ ತುಂಡೊಂದನ್ನು ಹೊಂದಿಸಿ, ಗಾಡಿಯನ್ನು ಅದರ ಮೇಲಕ್ಕೆ ಸರಿಸಿಕೊಳ್ಳಿ. ಬಿಸಿಲಿಗೂ ಭಾರಕ್ಕೂ ಗುಂಡುಗಳು ಚಪ್ಪಟೆಯಾಗುತ್ತವೆ. ಬದಲಿಸುವಾಗ ಪೂರ್ತಿ ಬದಲಿಸಿ. ಹಳತಿನ ಜೊತೆ ಹೊಸತನ್ನು ಬೆರೆಸಬೇಡಿ.

ಬೋಲ್ಟುಗಳ ಸುತ್ತ ಬಿಳಿ ಪುಡಿ ಕಂಡರೆ ಅಲ್ಯೂಮಿನಿಯಂ ತಿಂದುಹೋಗುತ್ತಿದೆ ಎಂದು ಅರ್ಥ. ಸ್ಟೇನ್‌ಲೆಸ್ ಉಕ್ಕು ಮತ್ತು ಅಲ್ಯೂಮಿನಿಯಂ ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದ್ದರೆ ಹೀಗಾಗುತ್ತದೆ. ಬೋಲ್ಟ್ ತೆಗೆದು, ಶುಚಿ ಮಾಡಿ, ಎರಡೂ ಲೋಹ ನೇರ ತಾಗದಂತೆ ನಡುವೆ ತಡೆ ಲೇಪ ಹಚ್ಚಿ ಮತ್ತೆ ಕೂರಿಸಿ. ದೊಡ್ಡ ದೋಣಿಗಳಲ್ಲಿ ಇದೇ ತೂತುಗಳಿಂದ ನೀರು ಇಳಿದು ಡೆಕ್ಕಿನ ಒಳಗಿನ ಮರ ಕೊಳೆಯುತ್ತದೆ. ಹಾಗಾಗಿ ಸೀಲಂಟ್ ಹೊಸದಾಗಿ ಹಾಕಲೇಬೇಕು.

ಬದಲಿಸುವುದಾದರೆ

ತೊಳೆದು, ಗುಂಡು ಬದಲಿಸಿದ ಮೇಲೂ ಗಾಡಿ ಭಾರದಲ್ಲಿ ಸರಿಯದಿದ್ದರೆ, ಇಲ್ಲವೇ ಹಳಿಯೇ ಬಾಗಿದ್ದರೆ, ಹೊಸತನ್ನು ಯೋಚಿಸಿ. ಮೊದಲು ಹಳಿಯ ಅಗಲ, ಬೋಲ್ಟಿನಿಂದ ಬೋಲ್ಟಿಗಿರುವ ಅಂತರ, ಹಳಿ ನೇರವೋ ಬಾಗಿದೆಯೋ ಎಂಬುದನ್ನು ಅಳೆದು ಬರೆದಿಡಿ. ಆಮೇಲೆ ಹಾಯಿಯ ಅಳತೆಗೆ ತಕ್ಕ ಭಾರ ಹೊರುವ ಗಾಡಿ ಆರಿಸಿ. ಹಾರ್ಕನ್‌ನಂಥ ಕಂಪನಿಗಳು ತಮ್ಮ ಗಾಡಿ ಹೊರಬಲ್ಲ ಭಾರವನ್ನು ಪ್ರಕಟಿಸುತ್ತವೆ. ಎಳೆಯಲು ಕಷ್ಟವಾದರೆ ದೊಡ್ಡ ಗಾಡಿಗಿಂತ ಮೊದಲು ಇನ್ನೊಂದು ರಾಟೆ ಸೇರಿಸಿ ನೋಡಿ. ಹಗ್ಗ ಉದ್ದವಾಗುತ್ತದೆ, ಕೈಗೆ ಬೀಳುವ ಭಾರ ಇಳಿಯುತ್ತದೆ.

ಬೋಲ್ಟಿನ ಕೆಳಗೆ ಕೊಡುವ ತಗಡನ್ನು ಊರಿನ ಲೇತ್ ಅಂಗಡಿಯಲ್ಲೇ ಮಾಡಿಸಬಹುದು. ಸಾಮಾನ್ಯವಾಗಿ ಸಿಗುವ 304 ಸ್ಟೇನ್‌ಲೆಸ್ ಸ್ಟೀಲ್ ಬೇಡ, ಉಪ್ಪುನೀರು ತಡೆಯುವ 316 ಕೇಳಿ. ಹಳಿಯ ಎರಡೂ ತುದಿಗೆ ತಡೆ ಹಾಕಲು ಮರೆಯಬೇಡಿ. ಅದಿಲ್ಲದಿದ್ದರೆ ಗಾಡಿ ಹಳಿಯಿಂದಲೇ ಕಳಚಿಹೋಗುತ್ತದೆ.

ಕಡಲು ಕೆರಳಿರುವ ಜೂನ್, ಜುಲೈ ತಿಂಗಳುಗಳಲ್ಲಿ ದೋಣಿ ಹೇಗೂ ದಡದಲ್ಲಿರುತ್ತದೆ. ಈ ಕೆಲಸಕ್ಕೆ ಅದೇ ಒಳ್ಳೆಯ ಸಮಯ. ಮುಗಿದ ಮೇಲೆ ನೆಲದಲ್ಲೇ ಪರೀಕ್ಷಿಸಿ. ಮೇನ್‌ಶೀಟ್ ಬಿಗಿಯಾಗಿ ಎಳೆದು ಕಟ್ಟಿ, ಗೆಳೆಯರೊಬ್ಬರು ಬೂಮನ್ನು ಪಕ್ಕಕ್ಕೆ ತಳ್ಳುತ್ತಿರುವಾಗ ನೀವು ಟ್ರಾವೆಲರ್ ಹಗ್ಗವನ್ನು ಕ್ಲೀಟಿನಿಂದ ಬಿಡಿಸಿ. ಗಾಡಿ ತಡವರಿಸದೆ ಸರಿದರೆ ದೋಣಿ ನೀರಿಗಿಳಿಸಿ. ತಡವರಿಸಿದರೆ ಇನ್ನೊಂದು ದಿನ ದಡದಲ್ಲೇ ಕಳೆಯಿರಿ, ಕೆಲಸ ಪೂರ್ತಿ ಮಾಡಿ.