ಬಂಡಿ ಹೊಡೆದವನ ಲೆಕ್ಕ

ಮಗೂ, ಸಿಇಟಿ ಹತ್ತಿರ ಬಂತು, ಸೀಟು ಸಿಗುತ್ತದೋ ಇಲ್ಲವೋ ಅಂಜನ ಹಾಕಿಸಿ ನೋಡೋಣ ಅಂತ ನಿಮ್ಮ ಮನೆಯಲ್ಲಿ ಮಾತು ನಡೆದಿದೆಯಂತೆ. ಬಯ್ಯಲು ಬಂದಿಲ್ಲ. ನಿನ್ನ ವಯಸ್ಸಿನಲ್ಲಿ ನಾನೂ ಚಿಂತಾಮಣಿ ಕಡೆಯ ಹಳ್ಳಿಯೊಂದರಲ್ಲಿ ಅಂಜನ ಹಾಕುವವನೊಬ್ಬನ ಜಗಲಿಯ ಮೇಲೆ ಕೂತವನೇ.

ವೀಳ್ಯದೆಲೆಗೆ ಕಪ್ಪು ಸವರಿ, ಕಾಲು ಮುಂದಾಗಿ ಹುಟ್ಟಿದ ಹುಡುಗನೊಬ್ಬನ ಕೈಗೆ ಕೊಟ್ಟು 'ಏನು ಕಾಣುತ್ತೆ ಹೇಳು' ಅನ್ನುತ್ತಿದ್ದ. ಕಿವಿಯಲ್ಲಿ ಗುಟ್ಟು ಉಸುರುವ ಕರ್ಣಪಿಶಾಚಿಯನ್ನು ಒಲಿಸಿಕೊಂಡವನೆಂದು ಅವನ ಖ್ಯಾತಿ. ನಮ್ಮ ಹಸು ಸತ್ತದ್ದು, ಅಕ್ಕನ ಮದುವೆ ಮುರಿದದ್ದು, ಎಲ್ಲ ಸರಿಯಾಗೇ ಹೇಳಿದ. ಮೈ ಜುಮ್ಮೆಂದಿತು. ಜಗಲಿಯಲ್ಲಿ ಕಾಯುವಾಗ ಅಮ್ಮ ಅವನ ಶಿಷ್ಯನ ಹತ್ತಿರ ಇದನ್ನೆಲ್ಲ ತೋಡಿಕೊಂಡಿದ್ದಳು ಅನ್ನುವುದು ನನಗೆ ಹೊಳೆದದ್ದು ಹತ್ತು ವರ್ಷದ ಮೇಲೆ! ಕರ್ಣಪಿಶಾಚಿ ಹಿಂದಿನದನ್ನು ಹೇಳೀತು, ಮುಂದಿನದು ಅದಕ್ಕೆ ತಿಳಿಯದು ಅಂತ ಆ ವಿದ್ಯೆಯನ್ನು ನಂಬುವವರೇ ಒಪ್ಪುತ್ತಾರೆ. ನಿನ್ನ ಹಿಂದಿನದು ನಿನಗೇ ಗೊತ್ತಲ್ಲ, ಅದಕ್ಕೇಕೆ ದಕ್ಷಿಣೆ?

ಮೊದಲು ಕೋಳಿ ಕೇಳಿದ, ಆಮೇಲೆ ಕುರಿ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಮಾರಿ ತಂದ ದುಡ್ಡೂ ಹೋಯಿತು. ಹೋಗಲಿ, ಇನ್ನೊಂದು ಬೆಳೆಗೆ ದುಡ್ಡು ಬಂತು. ನಾನು ಮಾತ್ರ ಪುಸ್ತಕ ತೆರೆಯಲೂ ಗಳಿಗೆ ಕೇಳುವವನಾದೆ. ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿದೆ ಅಂತ ಹುಡುಕುವ ಚಾಳಿಯೇ ಹೋಯಿತು, ಗ್ರಹಚಾರ ಅಂದುಕೊಂಡು ಮಲಗುತ್ತಿದ್ದೆ. ನಮ್ಮ ಕೈವಾರವೇ ಮಹಾಭಾರತದ ಏಕಚಕ್ರಪುರ ಅನ್ನುತ್ತಾರಲ್ಲ, ಬಕಾಸುರನ ಜೊತೆ ಊರಿನವರು ಮಾಡಿಕೊಂಡ ಒಪ್ಪಂದವೂ ಹೀಗೇ. ಬಂಡಿ ತುಂಬ ಅನ್ನ ಎಲ್ಲರ ಕಣ್ಣಿಗೂ ಕಾಣುತ್ತದೆ. ಬಂಡಿ ಹೊಡೆದವನೂ ಊಟದ ಲೆಕ್ಕಕ್ಕೇ ಸೇರಿದವನು ಅನ್ನುವುದು ಸರದಿ ಬಂದ ಮನೆಗಷ್ಟೇ ತಿಳಿಯುತ್ತದೆ.

ಇನ್ನೊಬ್ಬ ಹುಡುಗನ ದಾರಿಯನ್ನೂ ಕೇಳು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಡ ಹುಡುಗನೊಬ್ಬ 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಹೋದ. ಎಚ್. ನರಸಿಂಹಯ್ಯ. ನಡುವೆ 1942ರ ಚಳವಳಿ, ಜೈಲು. ಅಮೆರಿಕದ ಓಹಾಯೊದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಓದಿ ಡಾಕ್ಟರೇಟ್ ಪಡೆದದ್ದು 1960ರಲ್ಲಿ. ಇಪ್ಪತ್ತೈದು ವರ್ಷ, ಯಾವ ಪಿಶಾಚಿಯೂ ಅವರ ಕಿವಿಯಲ್ಲಿ ಒಂದು ಸೂತ್ರ ಉಸುರಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪವಾಡ ಮಾಡುತ್ತೇವೆ ಅನ್ನುವವರಿಗೆ, ಬೂದಿ, ಉಂಗುರ ಬೇಡ, ತೋಳಿನಲ್ಲಿ ಬಚ್ಚಿಡಲಾಗದ ಕುಂಬಳಕಾಯಿ ತರಿಸಿ ತೋರಿಸಿ ಅಂದರು. ಆ ಕುಂಬಳಕಾಯಿ ಇನ್ನೂ ಬಂದಿಲ್ಲ.

ಮನೆಯವರ ಮಾತು ಮೀರಲಾಗದಿದ್ದರೆ ಹೋಗಿ ಬಾ. ಜಗಲಿಯಲ್ಲಿ ಮಾತ್ರ ಅಮ್ಮ ಬಾಯಿ ಬಿಡದ ಹಾಗೆ ನೋಡಿಕೋ. ಅಂಜನದವನು ಏನು ಹೇಳಿದ ಅಂತ ಸಂಜೆ ಬಂದು ನನಗೆ ತಿಳಿಸು.